ತಟ್ಟೆಯ ಮೇಲಿನ ಕಾಣದ ಬರಹ

ಬರೆದುದನ್ನು ಉಳಿಸುವುದು ಒಂದು ಕಷ್ಟವಾದರೆ, ಉಳಿಸಿದ ರಾಶಿಯಲ್ಲಿ ಬೇಕಾದುದನ್ನು ಹುಡುಕಿ ತೆಗೆಯುವುದು ಮತ್ತೊಂದು ಕಷ್ಟ. ನಮ್ಮ ಚಿತ್ರದುರ್ಗ ಸೀಮೆಯ ಬ್ರಹ್ಮಗಿರಿಯಲ್ಲಿ ಅಶೋಕನ ಲಿಪಿಕಾರ ಚಪಡನು ಬರೆದ ಅಕ್ಷರಗಳು ಇಪ್ಪತ್ತೊಂದು ಶತಮಾನಗಳ ಬಿಸಿಲು ಮಳೆಗಳನ್ನು ಸಹಿಸಿ, 1892ರಲ್ಲಿ ಬಿ. ಎಲ್. ರೈಸ್ ಅವರ ಕಣ್ಣಿಗೆ ಬಿದ್ದವು. ಮೊದಲನೆಯ ಕಷ್ಟವನ್ನು ಕಲ್ಲು ಗೆದ್ದಿತ್ತು. ಎರಡನೆಯದನ್ನು ಗೆದ್ದದ್ದು ಗಣಕಯಂತ್ರದ ಕಾಂತೀಯ ತಟ್ಟೆ.

ಆಕಾಶವಾಣಿಯ ಭಾಷಣಗಳನ್ನು ಬಹುಕಾಲ ಕಾಂತೀಯ ಟೇಪಿನಲ್ಲಿ ಮುದ್ರಿಸಿಡುತ್ತಿದ್ದುದನ್ನು ವಾಚಕರು ಬಲ್ಲರು. ಸುರುಳಿಯ ಕೊನೆಯ ಹಾಡು ಬೇಕಾದರೆ ನಡುವಿನದನ್ನೆಲ್ಲ ಸುತ್ತಿ ದಾಟಲೇಬೇಕು. ಮೊದಲ ಗಣಕಗಳ ಪಾಡೂ ಇದೇ ಆಗಿತ್ತು. 1956ರಲ್ಲಿ ಅಮೆರಿಕದ ಐ. ಬಿ. ಎಂ. ಸಂಸ್ಥೆಯು, ರೆನಾಲ್ಡ್ ಜಾನ್ಸನ್ ಅವರ ತಂಡ ರಚಿಸಿದ ‘ರಾಮ್ಯಾಕ್’ ಯಂತ್ರವನ್ನು ಹೊರತಂದಿತು. ಎರಡಡಿ ಅಗಲದ 50 ತಟ್ಟೆಗಳು ಒಂದೇ ಕಂಬದಲ್ಲಿ ನಿಮಿಷಕ್ಕೆ 1,200 ಸುತ್ತು ತಿರುಗುತ್ತಿದ್ದವು. ಅವುಗಳಲ್ಲಿ ಹಿಡಿಯುತ್ತಿದ್ದುದು 50 ಲಕ್ಷ ಅಕ್ಷರಗಳು.

ತಟ್ಟೆ ಅಲ್ಯೂಮಿನಿಯಂನದು, ಅದರ ಮೇಲಿನ ಕಬ್ಬಿಣದ ಆಕ್ಸೈಡಿನ ಲೇಪಕ್ಕೆ ತುಕ್ಕಿನ ಬಣ್ಣ. ಗ್ರಾಮಫೋನ್ ತಟ್ಟೆಯ ಗೆರೆ ಒಂದೇ ಸುರುಳಿ. ಇಲ್ಲಿಯವು ಒಂದರೊಳಗೊಂದು ಇರುವ ಬೇರೆ ಬೇರೆ ವೃತ್ತಗಳು. ಮುಳ್ಳಿನ ಬದಲು ‘ಹೆಡ್’ ಎಂಬ ಪುಟ್ಟ ವಿದ್ಯುತ್ಕಾಂತ. ವಿದ್ಯುತ್ತು ಹರಿದ ದಿಕ್ಕಿನಂತೆ ಲೇಪದ ಕಣಗಳು ಈ ಕಡೆಗೋ ಆ ಕಡೆಗೋ ಕಾಂತಗೊಳ್ಳುತ್ತವೆ, ಅದೇ ಬರಹ. ಅವು ಮತ್ತೆ ಹೆಡ್ಡಿನ ಕೆಳಗೆ ಹಾಯುವಾಗ ಅದರಲ್ಲಿ ಸಣ್ಣ ವಿದ್ಯುತ್ತು ಹುಟ್ಟುತ್ತದೆ, ಅದೇ ಓದು.

ಹುಡುಕುವ ಬಗೆ ಹೇಗೆ? ಹೊಸದುರ್ಗದ ರೈತರೊಬ್ಬರ ಜಮೀನನ್ನು ಗುರುತಿಸಲು ಹೋಬಳಿ, ಗ್ರಾಮ, ಸರ್ವೆ ನಂಬರು ಹೇಳಿದರೆ ಸಾಕಲ್ಲವೆ? ತಟ್ಟೆಗೂ ಅಂತಹದೇ ವಿಳಾಸ: ಎಷ್ಟನೆಯ ವೃತ್ತ, ಯಾವ ತಟ್ಟೆಯ ಯಾವ ಮೈ, ಎಷ್ಟನೆಯ ದಾಖಲೆ. ಹೆಡ್ಡನ್ನು ಹೊತ್ತ ತೋಳು ನೇರವಾಗಿ ಆ ವೃತ್ತಕ್ಕೆ ಸರಿಯುತ್ತದೆ. ದಾಖಲೆ ತಿರುಗಿ ತಾನಾಗಿ ಎದುರಿಗೆ ಬರುತ್ತದೆ. ರಾಮ್ಯಾಕಿಗೆ ಇದಕ್ಕೆ ಅರ್ಧ ಸೆಕೆಂಡಿಗಿಂತ ತುಸು ಹೆಚ್ಚು ಹಿಡಿಯುತ್ತಿತ್ತು. 1964ರ 2311 ಎಂಬ ಮಾದರಿಗೆ ಸಾಮಾನ್ಯವಾಗಿ ಸೆಕೆಂಡಿನ ಹತ್ತನೆಯ ಒಂದು ಪಾಲೂ ಬೇಕಿರಲಿಲ್ಲ.

1962ರಿಂದ ತಟ್ಟೆಗಳ ಕಟ್ಟನ್ನೇ ಕಳಚಿ ಬದಲಿಸುವ ಏರ್ಪಾಡು ಬಂದಿತು. ನಡೆಸುವವನು ಕಟ್ಟನ್ನು ಮುಚ್ಚಳಸಹಿತ ಎತ್ತಿ ತಂದು, ಯಂತ್ರದ ಕದಿರಿಗೆ ತಿರುಪಿ ಕೂರಿಸಿ, ಮುಚ್ಚಳ ತೆಗೆದು ಗುಂಡಿ ಒತ್ತುವನು. ವೇಗ ಏರಿದ ಮೇಲೆಯೇ ಹೆಡ್ಡುಗಳು ಒಳಸರಿಯುವುವು. ತೆಗೆಯುವಾಗ ಅವು ಹಿಂದೆ ಸರಿದು ತಟ್ಟೆ ಪೂರ್ತಿ ನಿಲ್ಲುವ ತನಕ ಕಾಯಬೇಕು. ನಮ್ಮ ನಾಡಿನಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ 1970ರ ದಶಕದ ಆರಂಭದಲ್ಲಿ ಬಂದ ಐ. ಬಿ. ಎಂ. 360/44 ಮಾದರಿಯ ಒಡಲಲ್ಲೇ ಬದಲಿಸಬಹುದಾದ ಒಂಟಿ ತಟ್ಟೆಯ ವ್ಯವಸ್ಥೆ ಅಳವಟ್ಟಿತ್ತು.

ಈ ಎಚ್ಚರವೆಲ್ಲ ಏಕೆ? ಹೆಡ್ಡು ತಟ್ಟೆಯನ್ನು ಮುಟ್ಟುವುದಿಲ್ಲ. ಗಾಳಿಯ ತೆಳುಪದರದ ಮೇಲೆ ತೇಲುತ್ತದೆ. 2311ರಲ್ಲಿ ಆ ಅಂತರ ಸುಮಾರು 3 ಮೈಕ್ರಾನ್, ತಲೆಗೂದಲಿನ ದಪ್ಪದ ಇಪ್ಪತ್ತನೆಯ ಒಂದು ಪಾಲು. ಧೂಳಿನ ಕಣವೊಂದು ನುಸುಳಿದರೆ ಹೆಡ್ಡು ಬಿದ್ದು ಲೇಪವನ್ನು ಕೆರೆದುಹಾಕೀತು; ಸಾವಿರಾರು ಜನರ ಲೆಕ್ಕ ಕ್ಷಣದಲ್ಲಿ ಪುಡಿಯಾದೀತು. ಆದುದರಿಂದಲೇ ತಟ್ಟೆಯ ಬರಹವನ್ನು ಆಗಾಗ ಟೇಪಿಗೆ ಪ್ರತಿ ಮಾಡಿಡುವುದು ಗಣಕಶಾಲೆಗಳ ನೇಮವಾಯಿತು.

ಬ್ರಾಹ್ಮೀ ಲಿಪಿಯನ್ನು ಜನ ಮರೆತಿದ್ದರೂ ಅಕ್ಷರಗಳು ಕಣ್ಣಿಗೆ ಕಾಣುತ್ತಿದ್ದುದರಿಂದ 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಅದನ್ನು ಓದಲು ಸಾಧ್ಯವಾಯಿತು. ತಟ್ಟೆಯ ಬರಹವಾದರೋ ಕಾಣದು. ಅದನ್ನು ಓದುವ ಯಂತ್ರ ಮೂಲೆಗೆ ಸೇರಿದರೆ ತಟ್ಟೆಯೂ ಮೂಕ. ‘ಭೂಮಿ’ ಯೋಜನೆಯಿಂದ ಹಿರಿಯೂರು, ಹೊಳಲ್ಕೆರೆಗಳ ಪಹಣಿಗಳೂ ಗಣಕಕ್ಕೇರಿದವು. ನಮ್ಮ ಹೊಲಗದ್ದೆಗಳ ಹಕ್ಕೇ ಇಂದು ಕಾಣದ ಬರಹದಲ್ಲಿದೆ. ಓಲೆಗರಿಯ ಕಾವ್ಯಗಳು ನಮಗೆ ದಕ್ಕಿದ್ದು ಗರಿಯ ಗಟ್ಟಿತನದಿಂದಲ್ಲ, ತಲೆಮಾರಿಗೊಮ್ಮೆ ಕುಳಿತು ಪ್ರತಿ ಮಾಡಿದವರಿಂದ. ತಟ್ಟೆ ಬೇಗ ಹುಡುಕಿ ಕೊಡುತ್ತದೆ. ಉಳಿಸುವ ಕೆಲಸ ಇನ್ನೂ ಪ್ರತಿಕಾರನದೇ.