ಹುಳುವಿಲ್ಲದ ಹುಳುಕಡ್ಡಿ: ಗುರುತು ಪತ್ತೆಯಾದ ಬಗೆ

ಚರ್ಮದ ಮೇಲೆ ಕೆಂಪಗೆ, ಬಳೆಯ ಆಕಾರದಲ್ಲಿ ಎದ್ದು, ಅಂಚಿನಲ್ಲಿ ಹರಡುತ್ತ ನಡುವೆ ಮಾಯುತ್ತ ಹೋಗುವ ತುರಿಕೆಗೆ ನಮ್ಮಲ್ಲಿ ಹುಳುಕಡ್ಡಿ ಎನ್ನುತ್ತಾರೆ. ಗಜಕರ್ಣ ಎಂಬ ಹೆಸರೂ ಉಂಟು. ಇಂಗ್ಲಿಷಿನ ‘ರಿಂಗ್‌ವರ್ಮ್’ನಲ್ಲೂ ಹುಳುವಿದೆ. ವೈದ್ಯರು ಬಳಸುವ ‘ಟೀನಿಯ’ ಎಂಬ ಲ್ಯಾಟಿನ್ ಪದದ ಅರ್ಥವೂ ಕೊರೆದು ತಿನ್ನುವ ಹುಳು ಎಂದೇ. ಆದರೆ ಹುಳು ಎಲ್ಲಿಯೂ ಇಲ್ಲ. ಇರುವುದು ಶಿಲೀಂಧ್ರ. ಅಂದರೆ ರೊಟ್ಟಿಯ ಮೇಲೆ ಬೆಳೆಯುವ ಬೂಷ್ಟಿನ ದೂರದ ನೆಂಟ. ಚರ್ಮದ ಹೊರಪದರ, ಕೂದಲು, ಉಗುರುಗಳಲ್ಲಿರುವ ಕೆರಟಿನ್ ಎಂಬ ಪ್ರೋಟೀನೇ ಅದರ ಆಹಾರ. ಇಂಥ ಶಿಲೀಂಧ್ರ ಒಂದಲ್ಲ, ಹತ್ತಾರು ಪ್ರಭೇದಗಳಿವೆ.

ಯಾವುದಾದರೇನು, ಮುಲಾಮು ಹಚ್ಚಿದರಾಯಿತಲ್ಲ ಎನ್ನಬೇಡಿ. ರೋಗಿಯಲ್ಲಿ ಸಿಕ್ಕಿದ್ದು ಟ್ರೈಕೊಫೈಟಾನ್ ವೆರುಕೋಸಮ್ ಎಂದಾದರೆ ಅದು ಸಾಮಾನ್ಯವಾಗಿ ದನದ ಕೊಟ್ಟಿಗೆಯಿಂದ ಬಂದದ್ದು. ಕರುಗಳಿಗೂ ಚಿಕಿತ್ಸೆ ಬೇಕು. ಮೈಕ್ರೊಸ್ಪೋರಮ್ ಕ್ಯಾನಿಸ್ ಆದರೆ ಮನೆಯ ಬೆಕ್ಕನ್ನು ನೋಡಬೇಕು (ಹೆಸರಿನಲ್ಲಿ ನಾಯಿ ಇದ್ದರೂ ಮುಖ್ಯ ವಾಹಕ ಬೆಕ್ಕು). ನ್ಯಾನಿಜಿಯ ಜಿಪ್ಸಿಯ ಮಣ್ಣಿನಲ್ಲಿ ವಾಸಿಸುವಂಥದ್ದು. ಮೈಕ್ರೊಸ್ಪೋರಮ್ ಆಡೂಯಿನಿ ಆದರೆ ಶಾಲೆಯಲ್ಲಿ ಅಕ್ಕಪಕ್ಕ ಕೂರುವ ಮಕ್ಕಳ ತಲೆಯನ್ನು ಪರೀಕ್ಷಿಸಬೇಕು. ಹೆಸರು ತಿಳಿಯದೆ ಸೋಂಕಿನ ಮೂಲ ತಿಳಿಯದು.

ನಾನು ಭೌತವಿಜ್ಞಾನದವನು. ಶಿಲೀಂಧ್ರದ ಗೊಡವೆ ಇವರಿಗೇಕೆ ಎಂದು ನೀವು ಕೇಳಬಹುದು. ಈ ಚರಿತ್ರೆಯಲ್ಲಿ ನಮ್ಮ ಶಾಸ್ತ್ರ ಎರಡು ಸಲ ಪ್ರವೇಶಿಸುತ್ತದೆ. ಒಮ್ಮೆ ಮಾಡಿದ ಉಪಕಾರ ದೊಡ್ಡದು, ಇನ್ನೊಮ್ಮೆ ಮಾಡಿದ ಅಪಕಾರವೂ ದೊಡ್ಡದು.

ಕಥೆ ಶುರುವಾಗುವುದು ರೇಷ್ಮೆ ಹುಳುವಿನಿಂದ. ನಮ್ಮ ರೇಷ್ಮೆ ಬೆಳೆಗಾರರು ಸುಣ್ಣಕಟ್ಟು ಎಂದು ಕರೆಯುವ ರೋಗಕ್ಕೆ ಒಂದು ಶಿಲೀಂಧ್ರ ಕಾರಣವೆಂದು ಇಟಲಿಯ ಅಗೋಸ್ತಿನೊ ಬಾಸ್ಸಿ 1835ರಲ್ಲಿ ತೋರಿಸಿದ. ಸೂಕ್ಷ್ಮಜೀವಿಯೊಂದು ಪ್ರಾಣಿಯಲ್ಲಿ ರೋಗ ತರಬಲ್ಲದು ಎಂಬುದಕ್ಕೆ ಅದು ಮೊದಲ ಗಟ್ಟಿ ಸಾಕ್ಷ್ಯ. ಇದರಿಂದ ಪ್ರೇರಿತನಾದ ಷೋನ್‌ಲೈನ್ ಎಂಬ ಜರ್ಮನ್ ವೈದ್ಯ, ತಲೆಯ ಮೇಲೆ ಹಳದಿ ಹಕ್ಕಳೆ ಕಟ್ಟುವ ಫೇವಸ್ ರೋಗದಲ್ಲಿಯೂ ಶಿಲೀಂಧ್ರವನ್ನು ಕಂಡು 1839ರಲ್ಲಿ ಪುಟ್ಟ ಟಿಪ್ಪಣಿಯೊಂದನ್ನು ಪ್ರಕಟಿಸಿದ. ಅದಕ್ಕೂ ಎರಡು ವರ್ಷ ಮೊದಲೇ ರಾಬರ್ಟ್ ರೆಮಾಕ್ ಅದೇ ಹಕ್ಕಳೆಯಲ್ಲಿ ಎಳೆಗಳನ್ನು ನೋಡಿದ್ದ. ಅವು ಶಿಲೀಂಧ್ರವೆಂದು ಆಗ ಅವನಿಗೆ ಹೊಳೆದಿರಲಿಲ್ಲ. ಮುಂದೆ ಆತ ರೋಗವನ್ನು ತನಗೇ ಅಂಟಿಸಿಕೊಂಡು ಅದು ಸೋಂಕೆಂದು ಖಚಿತಪಡಿಸಿದ.

ಆದರೆ ಈ ಶಾಸ್ತ್ರದ ನಿಜವಾದ ಆದ್ಯನೆಂದು ನಾನು ಎಣಿಸುವುದು ಡೇವಿಡ್ ಗ್ರೂಬಿಯನ್ನು. ಹಂಗರಿಯಲ್ಲಿ ಹುಟ್ಟಿ, ವಿಯೆನ್ನಾದಲ್ಲಿ ಓದಿ, ಪ್ಯಾರಿಸಿಗೆ ಬಂದು ನೆಲೆಸಿದ ಈತ 1841ರಿಂದ 1844ರೊಳಗೆ ಅಲ್ಲಿನ ವಿಜ್ಞಾನ ಅಕಾಡೆಮಿಗೆ ಒಂದಾದಮೇಲೊಂದು ಪ್ರಬಂಧ ಒಪ್ಪಿಸಿದ. ಷೋನ್‌ಲೈನನ ಕೆಲಸ ತಿಳಿಯದೆಯೇ ಫೇವಸ್ಸಿನ ಶಿಲೀಂಧ್ರವನ್ನು ತಾನಾಗಿ ಕಂಡುಕೊಂಡ. ಕೂದಲನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಒಂದು ಬಗೆಯ ಸೋಂಕಿನಲ್ಲಿ ಬೀಜಕಗಳು ಕೂದಲಿನ ಹೊರಗೆ ಕವಚದಂತೆ ಕೂತಿರುತ್ತವೆ, ಇನ್ನೊಂದರಲ್ಲಿ ಕೂದಲಿನ ಒಳಗೇ ತುಂಬಿರುತ್ತವೆ ಎಂದು ವಿಂಗಡಿಸಿದ. ಇಂದಿಗೂ ಪ್ರಯೋಗಾಲಯಗಳಲ್ಲಿ ಕೇಳುವ ಮೊದಲ ಪ್ರಶ್ನೆಗಳಲ್ಲಿ ಇದೊಂದು. ರಾಬರ್ಟ್ ಕಾಖ್ ನೆರಡಿ ರೋಗದ ಬ್ಯಾಕ್ಟೀರಿಯದ ಬಗ್ಗೆ ಬರೆದದ್ದು 1876ರಲ್ಲಿ. ಗ್ರೂಬಿ ಅವನಿಗಿಂತ ಮೂವತ್ತು ವರ್ಷಕ್ಕೂ ಮುಂದಿದ್ದ. ಆದರೂ ಅವನ ಮಾತನ್ನು ಚರ್ಮವೈದ್ಯರು ಕಿವಿಗೆ ಹಾಕಿಕೊಳ್ಳಲಿಲ್ಲ. ಎಲ್ಲವೂ ಒಂದೇ ಶಿಲೀಂಧ್ರದ ಬೇರೆ ಬೇರೆ ವೇಷ ಎಂಬ ನಂಬಿಕೆ ಅರ್ಧ ಶತಮಾನ ನಡೆಯಿತು. ಗ್ರೂಬಿ ಸಂಶೋಧನೆ ಬಿಟ್ಟು ಪ್ಯಾರಿಸಿನ ಹೆಸರಾಂತ ವೈದ್ಯನಾದ. ಸಂಗೀತಗಾರ ಷೊಪೆನ್ ಅವನ ರೋಗಿಗಳಲ್ಲೊಬ್ಬ.

ಈ ಗೊಂದಲವನ್ನು ಬಗೆಹರಿಸಿದವನು ಪ್ಯಾರಿಸಿನ ಸೇಂಟ್ ಲೂಯಿ ಆಸ್ಪತ್ರೆಯ ರೇಮಂಡ್ ಸಾಬುರೋ (1864–1938). 1890ರ ದಶಕದಲ್ಲಿ ಆತ ಕೈಗೊಂಡ ಕ್ರಮ ನಮ್ಮಂಥವರಿಗೆ ಬಹಳ ಹಿಡಿಸುವಂಥದ್ದು. ಒಂದೇ ಶಿಲೀಂಧ್ರವನ್ನು ಬೇರೆ ಬೇರೆ ಆಹಾರದ ಮೇಲೆ ಬೆಳೆಸಿದರೆ ಅದರ ಬಣ್ಣ, ಮಡಿಕೆ, ನಯ ಎಲ್ಲವೂ ಬದಲಾಗುತ್ತವೆ. ಹಾಗಾದರೆ ಎರಡು ಊರುಗಳ ಇಬ್ಬರು ವೈದ್ಯರು ತಾವು ಕಂಡದ್ದು ಒಂದೇ ಎಂದು ಹೇಳುವುದು ಹೇಗೆ? ಸಾಬುರೋ ಸಕ್ಕರೆ, ಪೆಪ್ಟೋನ್, ಅಗರ್ ಸೇರಿದ ಒಂದು ಮಾಧ್ಯಮವನ್ನು ಗೊತ್ತುಮಾಡಿ, ಸಕ್ಕರೆ ಮತ್ತು ಪೆಪ್ಟೋನ್ ಯಾವ ತಯಾರಕರದ್ದಾಗಿರಬೇಕು ಎಂಬುದನ್ನೂ ಬಿಡದೆ ಹೇಳಿದ. ಉದ್ದ ಅಳೆಯಲು ಮೀಟರ್ ಇದ್ದಹಾಗೆ ಶಿಲೀಂಧ್ರ ಹೋಲಿಸಲು ಒಂದು ಮಾನಕ ಬೇಕೆಂಬ ತಿಳಿವಳಿಕೆ ಇದು. ‘ಲೆ ತೇನ್ಯ’ ಎಂಬ ಅವನ ಬೃಹದ್ಗ್ರಂಥ 1910ರಲ್ಲಿ ಹೊರಬಂತು. ಅದರಲ್ಲಿ ಪ್ರಭೇದಗಳು ಅತಿಯಾಗಿ ಹೆಚ್ಚಿಕೊಂಡಿದ್ದವು, ನಿಜ. 1934ರಲ್ಲಿ ಅಮೆರಿಕದ ಚೆಸ್ಟರ್ ಎಮನ್ಸ್ ಬೀಜಕಗಳ ಆಕಾರವನ್ನು ಆಧಾರವಾಗಿಟ್ಟು ಎಲ್ಲವನ್ನೂ ಮೂರು ಜಾತಿಗಳಿಗೆ ಇಳಿಸಿದ: ಮೈಕ್ರೊಸ್ಪೋರಮ್, ಟ್ರೈಕೊಫೈಟಾನ್, ಎಪಿಡರ್ಮೊಫೈಟಾನ್.

ಗುರುತಿಸಲು ಬಲ್ಲ ಸಾಬುರೋಗೆ ಗುಣಪಡಿಸುವ ಮದ್ದು ಗೊತ್ತಿರಲಿಲ್ಲ. ಕೂದಲಿನ ಬುಡದಲ್ಲಿರುವ ಶಿಲೀಂಧ್ರಕ್ಕೆ ಮುಲಾಮು ತಲಪುವುದಿಲ್ಲ. ಕೂದಲನ್ನೇ ಉದುರಿಸಿದರೆ? ಆಗಷ್ಟೇ ಬಂದಿದ್ದ ಎಕ್ಸ್ ಕಿರಣಗಳಿಗೆ ಆ ಶಕ್ತಿ ಇತ್ತು. 1904ರಲ್ಲಿ ಸಾಬುರೋ ಮತ್ತು ನುವಾರೆ ಸೇರಿ ಅದಕ್ಕೊಂದು ಅಳತೆ ಕಂಡುಹಿಡಿದರು. ಬೇರಿಯಮ್ ಪ್ಲಾಟಿನೊಸಯನೈಡ್ ಸವರಿದ ಹಸಿರು ಬಿಲ್ಲೆಯೊಂದನ್ನು ಕಿರಣನಳಿಗೆಗೂ ತಲೆಗೂ ಮಧ್ಯೆ ಅರ್ಧ ದೂರದಲ್ಲಿ ಇಡುವುದು; ಅದರ ಬಣ್ಣ ನಿಗದಿತ ಕಂದು ಛಾಯೆಗೆ ತಿರುಗಿದ ಕೂಡಲೆ ಯಂತ್ರ ನಿಲ್ಲಿಸುವುದು. ಅರ್ಧ ದೂರ ಏಕೆ ಎಂದು ವಿದ್ಯಾರ್ಥಿಗಳು ಯೋಚಿಸಲಿ: ವಿಲೋಮ ವರ್ಗ ನಿಯಮದಂತೆ ಅಲ್ಲಿ ತೀವ್ರತೆ ನಾಲ್ಕು ಪಟ್ಟು, ಆದ್ದರಿಂದ ಬಣ್ಣ ಬೇಗ ಬದಲಾಗುತ್ತದೆ. ಎರಡು ಮೂರು ವಾರಗಳಲ್ಲಿ ಕೂದಲು ಉದುರಿ, ಬಳಿಕ ಸೋಂಕಿಲ್ಲದ ಹೊಸ ಕೂದಲು ಬರುತ್ತಿತ್ತು. ವರ್ಷಗಟ್ಟಲೆ ಶಾಲೆಯಿಂದ ಹೊರಗಿರುತ್ತಿದ್ದ ಮಕ್ಕಳು ಕೆಲವೇ ತಿಂಗಳಲ್ಲಿ ಮರಳಿದರು. ಜಗತ್ತು ಇದನ್ನು ಮೆಚ್ಚಿತು.

ಭೌತವಿಜ್ಞಾನದ ಎರಡನೆಯ ಕಾಣಿಕೆ ಬೇರೆ ದಾರಿಯಿಂದ ಬಂತು. ಅಮೆರಿಕದ ರಾಬರ್ಟ್ ವಿಲಿಯಮ್ಸ್ ವುಡ್ ಹೆಸರನ್ನು ದ್ಯುತಿವಿಜ್ಞಾನ ಓದಿದವರು ಕೇಳಿರುತ್ತೀರಿ. ಫ್ರಾನ್ಸಿನ ಬ್ಲೋಂದ್ಲೊ ಕಂಡೆನೆಂದ ‘ಎನ್ ಕಿರಣ’ಗಳು ಬರಿಯ ಭ್ರಮೆ ಎಂದು 1904ರಲ್ಲಿ ಕತ್ತಲ ಕೋಣೆಯಲ್ಲಿ ಸದ್ದಿಲ್ಲದೆ ಅಶ್ರಗವನ್ನು ತೆಗೆದಿಟ್ಟು ಬಯಲುಮಾಡಿದವನು ಇವನೇ. ನಿಕಲ್ ಆಕ್ಸೈಡ್ ಬೆರೆತ ಗಾಜಿನಿಂದ ಅವನು ಮಾಡಿದ ಶೋಧಕ ಕಣ್ಣಿಗೆ ಕಾಣುವ ಬೆಳಕನ್ನು ತಡೆದು, ಪಾದರಸ ದೀಪದ 365 ನ್ಯಾನೊಮೀಟರ್ ಸುತ್ತಿನ ಅತಿನೇರಿಳೆಯನ್ನು ಮಾತ್ರ ಬಿಡುತ್ತಿತ್ತು. ಮೊದಲ ಮಹಾಯುದ್ಧದಲ್ಲಿ ಗುಪ್ತ ಸಂಕೇತಗಳಿಗೆ ಅದನ್ನು ಬಳಸಲಾಯಿತು. 1925ರಲ್ಲಿ ಫ್ರಾನ್ಸಿನ ಮಾರ್ಗರೊ ಮತ್ತು ದವೇಜ್, ಇದೇ ಬೆಳಕಿನಲ್ಲಿ ಸೋಂಕಿನ ಕೂದಲು ಹಸಿರಾಗಿ ಹೊಳೆಯುವುದೆಂದು ವರದಿ ಮಾಡಿದರು. ಕೂದಲಲ್ಲಿ ಬೆಳೆಯುವಾಗ ಶಿಲೀಂಧ್ರ ಉಂಟುಮಾಡುವ ಟೆರಿಡೀನ್ ಬಗೆಯ ಸಂಯುಕ್ತ ಅತಿನೇರಿಳೆಯನ್ನು ಹೀರಿ, ಕಡಿಮೆ ಶಕ್ತಿಯ ಹಸಿರನ್ನು ಹೊರಸೂಸುತ್ತದೆ. ಕತ್ತಲ ಕೋಣೆಯಲ್ಲಿ ಒಂದು ತರಗತಿಯ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಕೆಲವೇ ನಿಮಿಷಗಳಲ್ಲಿ ಪರೀಕ್ಷಿಸುವುದು ಸಾಧ್ಯವಾಯಿತು.

ಆದರೆ ಈ ದೀಪ ಎಲ್ಲವನ್ನೂ ತೋರಿಸುವುದಿಲ್ಲ. ಹೊಳೆಯುವುದು ಬಹುಮಟ್ಟಿಗೆ ಮೈಕ್ರೊಸ್ಪೋರಮ್ ಪ್ರಭೇದಗಳು. ಬೆಕ್ಕುಗಳ ಕ್ಯಾನಿಸ್ ಸೋಂಕಿನಲ್ಲೂ ಅನೇಕ ಸಲ ಹೊಳಪು ಇರುವುದಿಲ್ಲ. ಅಮೆರಿಕದಲ್ಲಿ ಆಡೂಯಿನಿಯ ಜಾಗವನ್ನು ಟ್ರೈಕೊಫೈಟಾನ್ ಟಾನ್ಸುರಾನ್ಸ್ ಹಿಡಿದಾಗ ಶಾಲಾ ಪರೀಕ್ಷೆಯ ದೀಪ ಹೆಚ್ಚುಕಡಿಮೆ ಕುರುಡಾಯಿತು. ಭಾರತದಲ್ಲಿ ಮಕ್ಕಳ ತಲೆಯಲ್ಲಿ ಹೆಚ್ಚಾಗಿ ಸಿಗುವ ಟ್ರೈಕೊಫೈಟಾನ್ ವಯೊಲೇಸಿಯಮ್ ಕೂಡ ಹೊಳೆಯುವುದಿಲ್ಲ. ಇನ್ನೊಂದು ಕಡೆ ಹತ್ತಿಯ ಎಳೆ, ಕೆಲವು ಮುಲಾಮುಗಳು ನೀಲಿಯಾಗಿ ಹೊಳೆದು ಮೋಸ ಮಾಡುತ್ತವೆ.

365 ನ್ಯಾನೊಮೀಟರಿನ ಒಂದು ಫೋಟಾನಿನ ಶಕ್ತಿ ಸುಮಾರು 3.4 ಎಲೆಕ್ಟ್ರಾನ್ ವೋಲ್ಟ್. ಕೂದಲು ಉದುರಿಸಿದ ಎಕ್ಸ್ ಕಿರಣದ ಫೋಟಾನಿನದು ಹತ್ತಾರು ಸಾವಿರ. ಮೊದಲನೆಯದು ಅಣುವೊಂದನ್ನು ಕೆಣಕಿ ಹೊಳೆಸುತ್ತದೆ. ಎರಡನೆಯದು ಎಲೆಕ್ಟ್ರಾನನ್ನೇ ಕಿತ್ತೆಸೆದು ಡಿಎನ್‌ಎಯನ್ನು ಮುರಿಯುತ್ತದೆ, ಅದೂ ತಲೆಬುರುಡೆ ದಾಟಿ. ಇಸ್ರೇಲಿನಲ್ಲಿ 1948ರಿಂದ 1960ರವರೆಗೆ, ಬಹುಪಾಲು ಉತ್ತರ ಆಫ್ರಿಕ ಮತ್ತು ಪಶ್ಚಿಮ ಏಷ್ಯದಿಂದ ವಲಸೆ ಬಂದ ಕುಟುಂಬಗಳ ಸುಮಾರು 20,000 ಮಕ್ಕಳ ತಲೆಗೆ ಈ ಚಿಕಿತ್ಸೆ ಆಯಿತು. ಬರೂಖ್ ಮೋದನ್ ಮತ್ತು ಸಂಗಡಿಗರು ಅವರಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಂದಿಯನ್ನು ಹಿಂಬಾಲಿಸಿ, ಮಿದುಳು ಮತ್ತು ಥೈರಾಯ್ಡ್ ಗ್ರಂಥಿಯ ಗಡ್ಡೆಗಳು ಇವರಲ್ಲಿ ಹೆಚ್ಚೆಂದು 1974ರಲ್ಲಿ ತೋರಿಸಿದರು. ಪರಿಹಾರದ ಕಾನೂನು ಬಂದದ್ದು 1994ರಲ್ಲಿ. ತಲೆಯ ಹುಳುಕಡ್ಡಿಯಿಂದ ಯಾರೂ ಸಾಯುವುದಿಲ್ಲ. ಆಡೂಯಿನಿಯ ಸೋಂಕಂತೂ ಹರೆಯ ಬಂದಾಗ ಸಾಮಾನ್ಯವಾಗಿ ತಾನೇ ಹೋಗುತ್ತದೆ. ಕಾಯಿಲೆಗಿಂತ ಮದ್ದು ಕ್ರೂರವಾಯಿತು ಎಂದು ನಾನು ಹೇಳಿದರೆ ಅತಿಶಯೋಕ್ತಿಯಲ್ಲ.

ವಿಪರ್ಯಾಸವೆಂದರೆ ಒಳ್ಳೆಯ ಮದ್ದು 1939ರಲ್ಲೇ ಲಂಡನ್ನಿನ ಪ್ರಯೋಗಾಲಯದಲ್ಲಿ ಇತ್ತು. ಪೆನಿಸಿಲಿಯಮ್ ಜಾತಿಯ ಒಂದು ಬೂಷ್ಟಿನಿಂದ ಪಡೆದ ಗ್ರಿಸಿಯೊಫಲ್ವಿನ್ ಅದು. ಬಾಯಿಯ ಮೂಲಕ ಕೊಟ್ಟರೆ ಗಿನಿಯಿಲಿಯ ಹುಳುಕಡ್ಡಿ ವಾಸಿಯಾಗುವುದೆಂದು ಗ್ಲಾಸ್ಗೊದ ಜೆಂಟಲ್ಸ್ ತೋರಿಸಿದ್ದು 1958ರಲ್ಲಿ. ನಡುವೆ ಅದರತ್ತ ಗಮನ ಹರಿಸಿದವರು ಹೆಚ್ಚಾಗಿ ಸಸ್ಯರೋಗತಜ್ಞರು.

ಇಂದು ಆಸ್ಪತ್ರೆಗಳಲ್ಲಿ ಮೊದಲ ಪರೀಕ್ಷೆ ಸರಳ: ಚರ್ಮದ ಹೊಟ್ಟನ್ನು ಕೆರೆದು, ಪೊಟಾಸಿಯಮ್ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಕೆರಟಿನ್ ಕರಗಿಸಿ, ಸೂಕ್ಷ್ಮದರ್ಶಕದಲ್ಲಿ ಎಳೆಗಳನ್ನು ಹುಡುಕುವುದು. ಶಿಲೀಂಧ್ರ ಇದೆ ಎಂದು ಅದು ಹೇಳುತ್ತದೆ, ಯಾವುದೆಂದು ಹೇಳದು. ಅದಕ್ಕೆ ಸಾಬುರೋ ಮಾಧ್ಯಮದ ಮೇಲೆ ವಾರಗಟ್ಟಲೆ ಕಾಯಬೇಕು. ಈಚೆಗೆ ಅದೂ ಸಾಲದಾಗಿದೆ. ಕಳೆದ ಹತ್ತು ಹನ್ನೆರಡು ವರ್ಷಗಳಿಂದ ಭಾರತದಲ್ಲಿ ಮದ್ದಿಗೆ ಬಗ್ಗದ, ಮನೆಮಂದಿಗೆಲ್ಲ ಹರಡುವ ಹುಳುಕಡ್ಡಿ ಹೆಚ್ಚಿದೆ. ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ ಸ್ಟೀರಾಯ್ಡ್ ಬೆರೆತ ಮುಲಾಮುಗಳು ಅದಕ್ಕೆ ನೀರೆರೆದಿವೆ ಎಂಬುದು ಚರ್ಮವೈದ್ಯರ ಅಭಿಪ್ರಾಯ. ಈ ಶಿಲೀಂಧ್ರ ಸೂಕ್ಷ್ಮದರ್ಶಕದಲ್ಲಿ ಹಳೆಯ ಟ್ರೈಕೊಫೈಟಾನ್ ಮೆಂಟಗ್ರೊಫೈಟೀಸ್ ಥರವೇ ಕಾಣುತ್ತದೆ. ಜಪಾನಿನಲ್ಲಿದ್ದ ಭಾರತ ಮತ್ತು ನೇಪಾಳದ ರೋಗಿಗಳಿಂದ ಪಡೆದ ಮಾದರಿಗಳ ಡಿಎನ್‌ಎ ಓದಿ, 2020ರಲ್ಲಿ ಅಲ್ಲಿನ ವಿಜ್ಞಾನಿಗಳು ಅದನ್ನು ಟ್ರೈಕೊಫೈಟಾನ್ ಇಂಡೊಟೀನಿಯೆ ಎಂಬ ಹೊಸ ಪ್ರಭೇದವಾಗಿ ಹೆಸರಿಸಿದರು. ಟರ್ಬಿನಾಫೀನ್ ಮದ್ದು ತಡೆಯಬೇಕಾದ ಸ್ಕ್ವಾಲೀನ್ ಎಪಾಕ್ಸಿಡೇಸ್ ಕಿಣ್ವದ 397ನೆಯ ಸ್ಥಾನದಲ್ಲಿ ಫಿನೈಲ್ ಅಲನೀನ್ ಬದಲು ಲ್ಯೂಸಿನ್ ಕುಳಿತಿರುವುದು ಇದರ ಅನೇಕ ಮಾದರಿಗಳಲ್ಲಿ ಕಂಡಿದೆ. ಅಂಥ ತಳಿ ಅಂಟಿದ ರೋಗಿಗೆ ಆ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗಿಸಿದರೂ ಬಳೆಯಾಕಾರದ ಗಾಯ ಹರಡುತ್ತಲೇ ಇರಬಹುದು.