‘ಪ್ಲೇಗ್ರೌಂಡ್’ ಪದದ ಅರ್ಥಚರಿತ್ರೆ: ಆಟದ ಎಡೆಯಿಂದ ಅನುಮತಿಯ ನೆಲಕ್ಕೆ

ಇಂಗ್ಲಿಶಿನ ‘ಪ್ಲೇಗ್ರೌಂಡ್’ ಪದಕ್ಕೆ ಕನ್ನಡದಲ್ಲಿ ಸಾಮಾನ್ಯವಾಗಿ ‘ಆಟದ ಮೈದಾನ’ ಎಂಬ ಪದವನ್ನು ಬಳಸುತ್ತೇವೆ. ಪೂರ್ವಪದ, ಉತ್ತರಪದಗಳೆರಡೂ ಹೊಂದುವುದರಿಂದ ಈ ಸಮಾನತೆ ಪ್ರಶ್ನಾತೀತವೆಂದು ತೋರುತ್ತದೆ. ಆದರೆ ಸಮಸ್ತಪದದ ಅರ್ಥವು ಅದರ ಘಟಕಗಳ ಮೊತ್ತವಲ್ಲ. ಬಳಕೆಯ ಚರಿತ್ರೆಯೂ ಅದರಲ್ಲಿ ಸೇರಿರುತ್ತದೆ. ಈ ಪದದ ಮಟ್ಟಿಗೆ ನಿರ್ಣಾಯಕವಾದದ್ದು ಆಟದ ಸ್ವರೂಪವಲ್ಲ, ಆಟಕ್ಕೆ ದೊರೆತ ಅನುಮತಿ ಎಂಬುದು ನಮ್ಮ ವಾದ.

ಪ್ರಾಚೀನ ಇಂಗ್ಲಿಶಿನ ‘ಪ್ಲೆಗ’ ಎಂಬ ನಾಮಪದವು ಚುರುಕಾದ ಚಲನೆ, ವ್ಯಾಯಾಮ, ವಿನೋದಗಳನ್ನೆಲ್ಲ ಒಳಗೊಂಡಿತ್ತು. ಕಾವ್ಯಭಾಷೆಯಲ್ಲಿ ಈಟಿಗಳ ‘ಪ್ಲೆಗ’ ಎಂದರೆ ಯುದ್ಧವೇ. ಇದಕ್ಕೆ ಎಡೆ ಎಂಬರ್ಥದ ‘ಸ್ಟೋ’ ಸೇರಿ ‘ಪ್ಲೆಗ್‌ಸ್ಟೋ’ ಆಯಿತು. ಈ ಸಮಾಸವು ಪೂರ್ವ ಲಂಡನ್ನಿನ ಪ್ಲಾಸ್ಟೋ ಮೊದಲಾದ ಸ್ಥಳನಾಮಗಳಲ್ಲಿ ಉಳಿದಿದೆ. ಸೆಲ್ಬೋರ್ನ್ ಗ್ರಾಮದ ‘ಪ್ಲೆಸ್ಟರ್’ ಎಂಬ ಬಯಲಿನ ಹೆಸರನ್ನು ಗಿಲ್ಬರ್ಟ್ ವೈಟ್ ತನ್ನ 1789ರ ಗ್ರಂಥದಲ್ಲಿ ಇದೇ ಮೂಲಕ್ಕೆ ಒಯ್ಯುತ್ತಾನೆ. 1703ರ ಬಿರುಗಾಳಿಗೆ ಉರುಳಿದ ಅಲ್ಲಿನ ಓಕ್ ಮರದ ಕೆಳಗೆ ಹಿರಿಯರು ಕುಳಿತು ಚರ್ಚಿಸುತ್ತಿದ್ದರು, ಕಿರಿಯರು ಕುಣಿದಾಡುತ್ತಿದ್ದರು ಎಂಬುದು ಅವನ ವರ್ಣನೆ. ಆ ಎಡೆಯು ಊರಿನದು; ವಯಸ್ಸಿನ ಬೇಲಿ ಅದಕ್ಕಿರಲಿಲ್ಲ.

‘ಪ್ಲೇಗ್ರೌಂಡ್’ ಎಂಬ ರೂಪವು ಬಳಕೆಗೆ ಬರುವುದು 18ನೆಯ ಶತಮಾನದ ಉತ್ತರಾರ್ಧದಲ್ಲಿ, ಮುಖ್ಯವಾಗಿ ಶಾಲೆಯ ಆವರಣಕ್ಕೆ ಸಂಬಂಧಿಸಿ. 19ನೆಯ ಶತಮಾನದಲ್ಲಿ ಗ್ಲಾಸ್ಗೋದ ಶಿಕ್ಷಣತಜ್ಞ ಡೇವಿಡ್ ಸ್ಟೋ ಅದನ್ನು ಚಾವಣಿಯಿಲ್ಲದ ಶಾಲಾಕೋಣೆಯೆಂದೇ ಪರಿಗಣಿಸಿದ. ಮಕ್ಕಳು ಅಲ್ಲಿ ಆಡುತ್ತಾರೆ. ಶಿಕ್ಷಕ ಅವರ ನಡತೆಯನ್ನು ಗಮನಿಸುತ್ತಾನೆ. ಹೀಗೆ ಮೇಲ್ವಿಚಾರಣೆಯೂ ಪದಾರ್ಥದ ಭಾಗವಾಯಿತು. ಅಮೆರಿಕದಲ್ಲಿ ಈ ಪದ ಬೀದಿಗೆ ಪ್ರತಿಯಾಗಿ ನಿಂತಿತು. 1885ರ ಸುಮಾರಿಗೆ ಬಾಸ್ಟನ್ನಿನಲ್ಲಿ ಮಕ್ಕಳಿಗಾಗಿ ಸುರಿದ ಮರಳ ರಾಶಿಗಳಿಂದ ಮೊದಲಾಗಿ, 1903ರಲ್ಲಿ ನ್ಯೂಯಾರ್ಕಿನ ಸೀವರ್ಡ್ ಪಾರ್ಕಿನಲ್ಲಿ ನಗರಾಡಳಿತವೇ ಸಜ್ಜುಗೊಳಿಸಿದ ತಾಣದವರೆಗೆ, ಉದ್ದೇಶವೊಂದೇ: ಮಕ್ಕಳನ್ನು ಬೀದಿಯಿಂದ ಬಿಡಿಸಿ ಗೊತ್ತಾದ ನೆಲಕ್ಕೆ ತರುವುದು. 1906ರಲ್ಲಿ ಹುಟ್ಟಿದ ಅಮೆರಿಕದ ಪ್ಲೇಗ್ರೌಂಡ್ ಸಂಘವು 1911ರಲ್ಲಿ ತನ್ನ ಹೆಸರಿಗೆ ‘ರಿಕ್ರಿಯೇಶನ್’ ಪದವನ್ನೂ ಸೇರಿಸಿಕೊಂಡಿತು. ವಯಸ್ಕರ ವಿಹಾರವನ್ನು ಹೇಳಲು ‘ಪ್ಲೇಗ್ರೌಂಡ್’ ಆ ಹೊತ್ತಿಗೆ ಸಾಲದಾಗಿತ್ತು ಎಂಬುದಕ್ಕೆ ಇದನ್ನು ನಾವು ಸಾಕ್ಷ್ಯವಾಗಿ ಪರಿಗಣಿಸುತ್ತೇವೆ.

ಅರ್ಥ ಎಷ್ಟು ಬಿಗಿಯಾಗಿತ್ತೆಂಬುದನ್ನು ವಿಶೇಷಣಗಳೂ ತೋರಿಸುತ್ತವೆ. 1943ರಲ್ಲಿ ಕೋಪನ್‌ಹೇಗನ್ನಿನ ಎಮ್ಡ್ರುಪ್‌ನಲ್ಲಿ ಮಕ್ಕಳೇ ಹಳೆಯ ಹಲಗೆ, ಇಟ್ಟಿಗೆಗಳಿಂದ ಕಟ್ಟಿ ಆಡುವ ತಾಣವೊಂದು ತೆರೆಯಿತು. ಲೇಡಿ ಅಲೆನ್ ಆಫ್ ಹರ್ಟ್‌ವುಡ್ ಅದನ್ನು ಬ್ರಿಟನ್ನಿಗೆ ಪರಿಚಯಿಸಿದರು. ಅಲ್ಲಿ ಮೊದಲು ‘ಜಂಕ್ ಪ್ಲೇಗ್ರೌಂಡ್’ ಎನಿಸಿದ್ದು 1950ರ ದಶಕದಲ್ಲಿ ‘ಅಡ್ವೆಂಚರ್ ಪ್ಲೇಗ್ರೌಂಡ್’ ಆಯಿತು. ಸ್ವಚ್ಛಂದ ಆಟವನ್ನು ಸೂಚಿಸಲು ಬೇರೆ ವಿಶೇಷಣ ಬೇಕಾಯಿತೆಂದರೆ, ವಿಶೇಷಣವಿಲ್ಲದ ಪದದಲ್ಲಿ ಆ ಅರ್ಥ ಉಳಿದಿರಲಿಲ್ಲವೆಂದೇ ಆಯಿತು.

ಲಾಕ್ಷಣಿಕ ಪ್ರಯೋಗದ ದಿಕ್ಕು ಬೇರೆ. ಆಲ್ಪ್ಸ್ ಪರ್ವತಾರೋಹಣ ಕುರಿತ ಲೆಸ್ಲಿ ಸ್ಟೀಫನ್ನನ 1871ರ ಕೃತಿಯ ಹೆಸರು ‘ದಿ ಪ್ಲೇಗ್ರೌಂಡ್ ಆಫ್ ಯೂರೋಪ್’. ಈ ಬಗೆಯ ಪ್ರಯೋಗಗಳಲ್ಲಿ ಷಷ್ಠೀ ಸಂಬಂಧ ಮುಖ್ಯ: ನೆಲ ಯಾರದೋ, ಆಟ ಇನ್ನಾರದೋ. ‘ಧನಿಕರ ಪ್ಲೇಗ್ರೌಂಡ್’ ಎಂದಾಗ ಆಕ್ಷೇಪದ ದನಿ ಕೇಳಿಸುವುದೂ ಇದರಿಂದಲೇ. ಮಕ್ಕಳಿಗೆ ಅನುಮತಿಯನ್ನು ಇತರರು ಕೊಡುತ್ತಾರೆ. ಧನಿಕರು ಅದನ್ನು ತಾವೇ ತೆಗೆದುಕೊಳ್ಳುತ್ತಾರೆ. ಎರಡು ಅರ್ಥಗಳನ್ನೂ ಬೆಸೆಯುವುದು ಅನುಮತಿಯೇ.

ಕನ್ನಡದ ‘ಮೈದಾನ’ ಪಾರಸಿ ಮೂಲದ್ದು. ಅದರ ತಿರುಳು ವಿಸ್ತಾರ. ‘ಆಟದ ಮೈದಾನ’ ಎಂದೊಡನೆ ಕಬಡ್ಡಿಯೋ ಕ್ರಿಕೆಟ್ಟೋ ನಡೆಯುವ ಬಯಲು ಕಣ್ಣಿಗೆ ಕಟ್ಟುತ್ತದೆಯೇ ಹೊರತು ಜಾರುಬಂಡೆಯಲ್ಲ. ಹಳಗನ್ನಡದ ‘ಆಡುಂಬೊಲ’ವು ‘ಆಡು’, ‘ಪೊಲ’ಗಳಿಂದಾದ, ಇಂಗ್ಲಿಶ್ ಸಮಾಸಕ್ಕೆ ರಚನೆಯಲ್ಲಿ ಹತ್ತಿರದ ಪದ. ಇಂದು ಅದು ಬಹುಮಟ್ಟಿಗೆ ಲಾಕ್ಷಣಿಕವಾಗಿ, ಹೆಚ್ಚಾಗಿ ಮೆಚ್ಚುಗೆಯಲ್ಲಿ ಬಳಕೆಯಾಗುತ್ತದೆ. ಆದುದರಿಂದ ‘ಧನಿಕರ ಆಡುಂಬೊಲ’ ಎಂಬ ಅನುವಾದದಲ್ಲಿ ಮೂಲದ ಆಕ್ಷೇಪವು ಮಸುಕಾಗುವ ಸಂಭವವಿದೆ.

ದ್ವಿಭಾಷಿಕ ನಿಘಂಟುಗಳು ಈ ಪದಕ್ಕೆ ಕನಿಷ್ಠ ಮೂರು ಅರ್ಥಗಳನ್ನು ಬೇರ್ಪಡಿಸಿ ಕೊಡಬೇಕೆಂದು ನಾವು ಸೂಚಿಸುತ್ತೇವೆ: ಶಾಲೆಯ ಅಂಗಳ, ಉಪಕರಣಗಳುಳ್ಳ ಮಕ್ಕಳ ಆಟದ ತಾಣ, ಪರರ ನೆಲದಲ್ಲಿ ಬಲ್ಲಿದರ ವಿಹಾರಸ್ಥಳ. ಇದು ಬರಿಯ ನಿಘಂಟುಕಾರರ ಕಾಳಜಿಯಲ್ಲ. ಬಡಾವಣೆಯೊಂದರ ಇಂಗ್ಲಿಶ್ ನಕ್ಷೆಯಲ್ಲಿ ‘ಪ್ಲೇಗ್ರೌಂಡ್’ ಎಂದಿರುವುದನ್ನು ಎರಡು ಉಯ್ಯಾಲೆ, ಒಂದು ಜಾರುಬಂಡೆ ಪೂರೈಸಬಲ್ಲವು. ಅದರ ಕನ್ನಡ ಪ್ರತಿಯ ‘ಆಟದ ಮೈದಾನ’ವನ್ನು ನಂಬಿದವರಿಗೆ ಬಯಲು ಸಿಕ್ಕಿರುವುದಿಲ್ಲ.