ಲುಡ್ವಿಗ್ ರಿಕ್ಟರನ ಚಿತ್ರಜೀವನ

ಲುಡ್ವಿಗ್ ರಿಕ್ಟರನು 1803ನೆಯ ಇಸವಿಯಲ್ಲಿ ಜರ್ಮನಿಯ ಡ್ರೆಸ್ಡೆನ್ ನಗರದಲ್ಲಿ, ತಾಮ್ರಫಲಕದ ಕೆತ್ತನೆಗಾರನೊಬ್ಬನ ಮಗನಾಗಿ ಜನಿಸಿದನು. ಪುಸ್ತಕಪ್ರಕಾಶಕನಾದ ಆರ್ನಲ್ಡನ ದ್ರವ್ಯಸಹಾಯದಿಂದ 1823ರಲ್ಲಿ ಇಟಲಿಗೆ ಹೊರಟು, ರೋಮಿನಲ್ಲಿ ಯೋಸೆಫ್ ಆಂಟನ್ ಕೋಖನ ಪ್ರಭಾವಕ್ಕೊಳಗಾದನು. 1826ರಲ್ಲಿ ಸ್ವದೇಶಕ್ಕೆ ಮರಳಿದ ಮೇಲೂ ಅವನ ಕುಂಚವು ಇಟಲಿಯ ಬೆಟ್ಟಗಳನ್ನೇ ಬರೆಯುತ್ತಿದ್ದಿತು.

1828ರಿಂದ ಏಳು ವರ್ಷ ಅವನು ಮೈಸೆನ್ನಿನ ಪಿಂಗಾಣಿ ಕಾರ್ಖಾನೆಯ ಚಿತ್ರಶಾಲೆಯಲ್ಲಿ ಉಪಾಧ್ಯಾಯನಾಗಿದ್ದನು. ಈ ಉದ್ಯೋಗವನ್ನು ಪ್ರತಿಭೆಗೆ ತೊಡಿಸಿದ ಸಂಕೋಲೆಯೆಂದು ಎಣಿಸುವುದು ಸುಲಭ. ಆದರೆ ಪರಿಣಾಮವು ಬೇರೆಯಾಯಿತು. ದೂರದೇಶಕ್ಕೆ ಹೋಗಲಾರದವನು 1834ರಲ್ಲಿ ಸಮೀಪದ ಎಲ್ಬ ನದಿಯ ಕಣಿವೆಯಲ್ಲಿ ಸಂಚರಿಸಿ, ತನ್ನ ನೆಲದ ಚೆಲುವನ್ನು ಕಂಡುಕೊಂಡನು. 1837ರ ‘ಶ್ರೆಕನ್‌ಸ್ಟೈನಿನ ಬಳಿ ನದಿಯನ್ನು ದಾಟುವುದು’ ಎಂಬ ಚಿತ್ರವು ಅದರ ಫಲ. ಅಲ್ಲಿ ಪಾಳುಕೋಟೆಯ ಕೆಳಗೆ, ವೃದ್ಧ ವಾದ್ಯಗಾರನೂ ಪ್ರಣಯಿಗಳೂ ಮಗುವೂ ಒಂದೇ ದೋಣಿಯಲ್ಲಿ ಸಾಗುತ್ತಾರೆ.

1836ರಲ್ಲಿ ಡ್ರೆಸ್ಡೆನ್ ಅಕಾಡೆಮಿಯಲ್ಲಿ ಅಧ್ಯಾಪಕಪದವಿಯು ದೊರೆಯಿತು. ಅನಂತರ ಅವನು ಜಾನಪದ ಕಥೆಗಳಿಗೆ ಬರೆದ ಚಿತ್ರಗಳು ಮರದಚ್ಚುಗಳ ಮೂಲಕ ಸಾಮಾನ್ಯರ ಮನೆಗಳನ್ನು ಸೇರಿದುವು. ವೃದ್ಧಾಪ್ಯದಲ್ಲಿ ದೃಷ್ಟಿಯು ಕುಂದಿತು. 1884ರಲ್ಲಿ ಅವನು ಕಾಲವಾದನು. ಮರುವರ್ಷ ಪ್ರಕಟವಾದ ಅವನ ಆತ್ಮಚರಿತ್ರೆಯು ಅಂದಿನ ಕಲಾವಿದರ ಬಾಳಿಗೆ ಅಮೂಲ್ಯವಾದ ಆಧಾರವಾಗಿದೆ. ಇಟಲಿಯು ಅವನಿಗೆ ಕಲೆಯನ್ನು ಕಲಿಸಿತು. ಆ ಕಲೆಗೆ ವಸ್ತುವನ್ನು ಕೊಟ್ಟುದು ಮನೆಯ ಬಳಿಯ ಹೊಳೆ.